ತೆಗೀರಿ ಅಂದ ಮಾತು

ಕೆರೆಯ ದಡದ ಮನೆ
ಸೋಮವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದಗಳು.

ಇವತ್ತು ನನಗೆ ಉಪವಾಸ. ಬೆಳಗ್ಗೆ ಎದ್ದು ಕಸ ಗುಡಿಸಿ, ನೀರು ತುಂಬಿ, ದೇವರಿಗೆ ದೀಪ ಹಚ್ಚಿ, ನಿನ್ನಪ್ಪನ ಕೆಸರು ಮೆತ್ತಿದ ಪ್ಯಾಂಟು ಒಗೆದು ಹಾಕಿದೆ. ಅಡುಗೆ ಅವರೊಬ್ಬರಿಗೆ ಮಾತ್ರ, ಬೇಗ ಮುಗಿಯಿತು. ಈಗ ಕೂತಿದ್ದೇನೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಮನೆ ಬಿಟ್ಟು ಹೋದ ಮೇಲೆ ಬರೆಯಲು ಕೂತಾಗಲೆಲ್ಲ ಮೊದಲ ಸಾಲೇ ಜಗಳದ ಹಾಗೆ ಬರುತ್ತಿತ್ತು. ಹರಿದು ಒಲೆಗೆ ಹಾಕುತ್ತಿದ್ದೆ.

ಹೋದ ತಿಂಗಳು ನಿನ್ನ ಸೋದರತ್ತೆ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ಅತ್ತಿಗೆ, ನಿಮ್ಮ ಮಗಳು ಇನ್ನು ಈ ಮನೆ ಮೆಟ್ಟಿಲು ಹತ್ತಲ್ವಂತೆ. ಅವಳು ಬಾಗಿಲು ದಾಟೋ ಮೊದಲೇ ಗೋಡೆ ಮೇಲಿದ್ದ ಅವಳ ಫೋಟೋ ತೆಗೆಸಿದ್ರಂತೆ ನೀವು!" ನನಗೆ ತಲೆಬುಡ ಅರ್ಥವಾಗಲಿಲ್ಲ. ನಿನ್ನ ಫೋಟೋ ಇದ್ದಲ್ಲೇ ಇದೆ, ಗಡಿಯಾರದ ಪಕ್ಕದಲ್ಲಿ, ಎರಡು ಜಡೆ, ಮುಂದಿನ ಹಲ್ಲು ಬಿದ್ದದ್ದು. ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದೆ. "ಹಾಗಾದ್ರೆ ಹುಡುಗಿ ಸುಳ್ಳು ಹೇಳ್ತಾಳಾ?" ಅಂದಳು. ಪಕ್ಕದ ಮನೆಯವಳೇ ನಿನಗೆ ಚಾಡಿ ಹೇಳಿರಬೇಕು ಅಂದುಕೊಂಡು ನಾನು ಅವಳ ಜೊತೆ ಮಾತು ಬಿಟ್ಟೆ. ಪಾಪ, ನಿನ್ನೆ ಹೋಗಿ ಮಾತಾಡಿಸಿ ಬಂದೆ. ಯಾಕೆ ಅಂತ ಹೇಳುತ್ತೇನೆ.

ನಿನ್ನಪ್ಪ ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ನೀರುಹಕ್ಕಿಗಳ ಬೆನ್ನು ಬಿದ್ದಿದ್ದಾರೆ. ಕ್ಯಾಲೆಂಡರ್ ಅಚ್ಚು ಹಾಕುವವರು ಹಂಸದ ಜೋಡಿ ಬೇಕು ಅಂದಿದ್ದಾರಂತೆ. ಬೆಳಕು ಹರಿಯುವಾಗಲೇ ದೋಣಿ ಹತ್ತಬೇಕು. ಬಿಸಿಲೇರಿದರೆ ಗರಿಯ ಗೆರೆ ಒಂದೂ ಕಾಣದೆ ಹಂಸ ಸುಣ್ಣ ಬಳಿದ ಗೋಡೆಯ ಹಾಗೆ ಬರುತ್ತದೆ. ದೋಣಿಗೆ ಹಸಿರು ಬಲೆ ಹೊದಿಸಿ, ಜೊಂಡು ಸಿಕ್ಕಿಸಿ, ಒಳಗೆ ಕೆಮ್ಮದೆ ಕೂರಬೇಕು. ನಾನೂ ಹೋಗುತ್ತೇನೆ. ಕ್ಯಾಮೆರಾಕ್ಕೆ ಕಣ್ಣು ಕೊಟ್ಟರೆ ಅವರಿಗೆ ಒಂದು ಹಕ್ಕಿ ಬಿಟ್ಟು ಬೇರೆ ಪ್ರಪಂಚವೇ ಇಲ್ಲ. ನಾನು ಬಲೆಯ ಸಂದಿಯಲ್ಲಿ ಎರಡೂ ಕಡೆ ನೋಡುತ್ತಿದ್ದು, ಇನ್ನೊಂದು ಹಂಸ ಹತ್ತಿರ ಬಂದಾಗ ಮೆಲ್ಲಗೆ "ತೆಗೀರಿ" ಅನ್ನಬೇಕು. ಅಲ್ಲಿಯವರೆಗೆ ಜಪ ಮಾಡಿಕೊಳ್ಳುತ್ತೇನೆ. ಹಣೆಯ ಮೇಲೆ ಬಿಳಿ ಗುರುತಿನ ನಾಮದ ಕೋಳಿಗಳು ಹಿಂಡಾಗಿ ಬಂದರೆ, "ನೋಡು, ನಿನ್ನ ಭಕ್ತಮಂಡಳಿ ಬಂತು" ಅಂತ ಛೇಡಿಸುತ್ತಾರೆ. ಗುಳುಮುಳುಕ ಅಂತ ಒಂದು ಸಣ್ಣ ಹಕ್ಕಿ ಇದೆ, ಅದು ಅವರಿಗೆ ಇನ್ನೂ ಸಿಕ್ಕಿಲ್ಲ. ಕ್ಯಾಮೆರಾ ಇತ್ತ ತಿರುಗಿದರೆ ಮುಳುಗಿ ಅತ್ತ ಏಳುತ್ತದೆ.

ಶನಿವಾರ ನಮ್ಮ ದೋಣಿಯವನಿಗೆ ಜ್ವರ. ಅವನ ಭಾವಮೈದ ಬಂದಿದ್ದ, ಹೊಸಬ. ಹಂಸಗಳು ಎದುರುಬದುರು ಬಂದವು, ಒಂದು ಇದ್ದಕ್ಕಿದ್ದ ಹಾಗೆ ರೆಕ್ಕೆ ಪೂರಾ ಬಿಚ್ಚಿತು. ನನಗೆ ತಡೆಯಲಾಗದೆ "ತೆಗೀರಿ, ತೆಗೀರಿ, ಬೇಗ!" ಅಂದುಬಿಟ್ಟೆ. ಅಷ್ಟೇ. ಆ ಮಹಾರಾಯ ಎದ್ದು ನಿಂತು ಎರಡೂ ಕೈಯಲ್ಲಿ ಬಲೆಯನ್ನು ಸರಕ್ಕನೆ ಎಳೆದು ತೆಗೆದ! ಕೆರೆಗೆ ಕೆರೆಯೇ ಎದ್ದು ಹಾರಿತು. ನಿನ್ನಪ್ಪನ ಟೋಪಿ ನೀರಿಗೆ ಬಿತ್ತು.

"ಏನಯ್ಯಾ ಮಾಡಿದೆ?"

"ಅಮ್ಮಾವ್ರೇ ತೆಗೀರಿ ಅಂದ್ರಲ್ಲ ಸಾರ್."

"ನನಗೆ ಅಂದದ್ದು ಕಣಯ್ಯಾ! ಫೋಟೋ ತೆಗೀರಿ ಅಂತ!"

"ಅವ್ರು ಅಂದ ಜೋರಿಗೆ ಬಲೆ ಮೇಲೆ ಹಾವೇ ಹತ್ತಿದೆ ಅನ್ಕೊಂಡೆ ನಾನು."

ಕೆಂಡವಾಗಿದ್ದ ನಿನ್ನಪ್ಪ ನಕ್ಕುಬಿಟ್ಟರು. ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಹಾಗೆ ನಗುತ್ತಿರುವಾಗಲೇ ಅದೇ ಮಾತನ್ನು ಹಿಂದೆ ಒಮ್ಮೆ ಆಡಿದ್ದು ನೆನಪಾಯಿತು.

ನೀನು ಹೊರಡುವ ಹಿಂದಿನ ದಿನವೆಲ್ಲ ನಾವು ಕಿತ್ತಾಡಿದ್ದೆವು. ದೇವರನ್ನೇ ನಂಬದವನ ಕೈ ಹಿಡಿಯುತ್ತೀಯಾ ಅಂತ ನಾನು. ಲಿಫ್ಟ್ ರಿಪೇರಿಯವನು ಅವನು, ನಿನ್ನ ದೇವರಿಗಿಂತ ಸಲೀಸಾಗಿ ಜನರನ್ನು ಮೇಲಕ್ಕೆ ಕಳಿಸುತ್ತಾನೆ ಅಂತ ನೀನು. ಬೆಳಗ್ಗೆ ನೀನು ಸೂಟ್‌ಕೇಸ್ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ನಾನು ನಿನ್ನ ಕಡೆ ತಿರುಗದೆ, ನಿನ್ನಪ್ಪನಿಗೆ "ಇವಳ ಫೋಟೋ ತೆಗೀರಿ" ಅಂದೆ. ಅಳು ಕೇಳಿಸಬಾರದು ಅಂತ ಗಡುಸಾಗಿ ಅಂದೆ. ನಾನು ಹೇಳಿದ್ದು ನೀನು ಹಾಗೆ ನಿಂತಿದ್ದನ್ನು ಒಂದು ಫೋಟೋ ಹಿಡಿಯಿರಿ ಅಂತ. ನಿನಗೆ ಕೇಳಿಸಿದ್ದು ಗೋಡೆಯ ಮೇಲಿನದನ್ನು ಕಿತ್ತುಹಾಕಿ ಅಂತ. ಅವರು ಕ್ಯಾಮೆರಾ ತರಲು ಒಳಗೆ ಓಡಿದರು. ನೀನು ಏಣಿ ತರಲು ಹೋದರು ಅಂದುಕೊಂಡಿರಬೇಕು. ಅವರು ಬರುವಷ್ಟರಲ್ಲಿ ಗೇಟು ತೆರೆದೇ ಇತ್ತು, ನೀನಿರಲಿಲ್ಲ.

ಅವರಿಗೆ ಇದನ್ನು ಇನ್ನೂ ಹೇಳಿಲ್ಲ. ಕ್ಯಾಮೆರಾ ಹುಡುಕಿ ತರಲು ತಡಮಾಡಿದೆ, ಅದಕ್ಕೇ ಮಗಳು ಕಾಯಲಿಲ್ಲ ಅಂತ ಅವರ ಕೊರಗು. ಈಗ ಕ್ಯಾಮೆರಾವನ್ನು ಬಾಗಿಲ ಹಿಂದಿನ ಮೊಳೆಗೇ ನೇತುಹಾಕುತ್ತಾರೆ.

ಗಂಡ ಹೆಂಡತಿ ಚೆನ್ನಾಗಿರಿ. ನೀವು ಬೇಡ ಅಂದರೂ ದೇವರು ಕಾಯುತ್ತಾನೆ, ಅವನು ಯಾರ ಒಪ್ಪಿಗೆಯನ್ನೂ ಕೇಳುವವನಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತು,
ನಿನ್ನ ಅಮ್ಮ

ಮತ್ತೆ: ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ, ಇದನ್ನು ಬರೆಯಲು ಧೈರ್ಯ ಸಾಲದಾಗಿತ್ತು. ನೀನು ತಪ್ಪು ಕೇಳಿಸಿಕೊಂಡೆ ಅಂತ ಶನಿವಾರದಿಂದ ನನಗೆ ನಾನೇ ಹೇಳಿಕೊಂಡು ಓಡಾಡಿದೆ. ಆದರೆ ಸಂಜೆಗೆ ಮನೆಗೆ ಬರುವ ಮಗಳ ಫೋಟೋವನ್ನು ಯಾರಾದರೂ ಹೊಸ್ತಿಲಲ್ಲಿ ತೆಗೆಸುತ್ತಾರಾ? ನೀನು ಇನ್ನು ಬರುವುದಿಲ್ಲ ಅಂತ ನಾನೇ ಮೊದಲು ತೀರ್ಮಾನ ಮಾಡಿಬಿಟ್ಟಿದ್ದೆ. ಹೋಗಬೇಡ ಅನ್ನುವ ಮಾತು ಬಾಯಿಯ ತನಕ ಬಂದಿತ್ತು ಕಣೇ, ಫೋಟೋ ಅಂತ ಹೊರಬಿತ್ತು. ನೀನು ಉತ್ತರ ಬರೆದರೆ ಅಂಚೆಗೆ ಹಾಕಬೇಡ. ನಿಮ್ಮತ್ತೆ ಕೇಳಿದರು ಅಂತ ನನ್ನ ಪರವಾಗಿ ಅಳಿಯಂದಿರಿಗೆ ಹೇಳು, ಅವರೇ ತಂದುಕೊಡಲಿ. ನಾನು ದೇವರ ವಿಷಯ ಎತ್ತುವುದಿಲ್ಲ.