ಪೂಜಿಗಿಟ್ಟ ಪಾನಾ

25-10-2001, ಗುರುವಾರ, ಆಯುಧಪೂಜಿ.

ಅಕ್ಕನ ಮಗ, ಅಳಿಯ ಅರುಣಕುಮಾರನ ಕಾರಿಗೆ ಮನಿಯಾಗ ನಾನೇ ರಾಡ್ ಕೂಡಿಸಿದೆ. ಬಾನೆಟ್ ಒಳಗ ಎರಡೂ ಶಾಕ್ ಅಬ್ಸಾರ್ಬರ್ ತಲಿಗೆ ಅಡ್ಡ ಬರೋ ರಾಡ್. ನಟ್ಟು ಬಿಚ್ಚಿ, ರಾಡ್ ಇಟ್ಟು, ಮತ್ತ ಬರಿಗೈಲೆ ತಿರುವಿದ್ದೆ ಅಷ್ಟ. ಇನ್ನ ಬಿಗೀಬೇಕು ಅನ್ನೋದ್ರಾಗ ಅಕ್ಕ ಬಂದು ಪಾನಾ ಕಸಗೊಂಡು ಪೂಜಿಗಿಟ್ಟಳು.

“ನಾಳಿತನಕ ಮುಟ್ಟೀಯ ಮತ್ತ!”

“ಮಾಮಾ, ಬಿಗಿ ಆತೇನು?” ಅಂದ ಅರುಣ. ಅವನ ಹೆಂಡ್ತಿ ಗೀತಾಂಜಲಿ ನೋಡಾಕತ್ತಿದ್ಲು.

“ನಾ ತಿರುವಿದ ನಟ್ಟು ಆನಿ ಎಳದ್ರೂ ಬಿಚ್ಚಂಗಿಲ್ಲಲೇ” ಅಂದುಬಿಟ್ಟೆ.

ನಾಳಿ ಹೋಗ್ತಾರ, ಅಷ್ಟರಾಗ ಬಿಗಿದರಾತು ಅಂದ್ಕೊಂಡಿದ್ದೆ. ಸಂಜಿಗೇ ಕೂಸಿನ ಜೊತಿ ಗೀತಾಂಜಲಿ ತವರು ಮಾಗಳಕ್ಕ ಹೊಂಟ್ರು, ಎರಡು ತಾಸಿನ ದಾರಿ. ಆಗಲೂ ಬಾಯಿ ಬಿಡಲಿಲ್ಲ, ನಕ್ಕೋತ ಕೈ ಬೀಸಿದೆ.

ಒಂಬತ್ತಕ್ಕ ಫೋನ್ ಹಚ್ಚಿದ್ರ, “ಇನ್ನೂ ಬಂದಿಲ್ರೀ” ಅಂದ್ರು ಬೀಗರು. ಈಗ ಹತ್ತೂವರಿ. ನನ್ನ ಮಾರಿ ನೋಡಿ ಅಕ್ಕ ನನಗೇ ಧೈರ್ಯ ಹೇಳಾಕತ್ಯಾಳ: “ನೀನೇ ಬಿಗಿದೀಯಲ್ಲೋ, ಏನೂ ಆಗಂಗಿಲ್ಲ ಬಿಡು.”