ಅವ್ವನ ಶುಕ್ರವಾರದ ರೊಟ್ಟಿಯ ಕುರಿತು

ತಾಲ್ಲೂಕಿನ ಶಾಂತಿಯ ಹೊಣೆ ಹೊತ್ತಿರುವ ಮಾನ್ಯ ತಹಶೀಲ್ದಾರರೇ,

ಕಳೆದ ತಿಂಗಳು ನನ್ನ ಅವ್ವ ದ್ರೌಪತಿಯಿಂದ ನೀವೊಂದು ಮುಚ್ಚಳಿಕೆ ಬರೆಸಿಕೊಂಡಿರಿ: "ಆಹಾರದ ಆಮಿಷ ಒಡ್ಡಿ ನೆರೆಯವರನ್ನು ಕ್ರೈಸ್ತರನ್ನಾಗಿಸಲು ಯತ್ನಿಸಿದ್ದೇನೆ, ಇನ್ನು ಅವರ ಹೊಸ್ತಿಲು ತುಳಿಯುವುದಿಲ್ಲ." ಆ ಆಹಾರ ಒಂದು ಜೋಳದ ರೊಟ್ಟಿ. ಒಂದು ರೊಟ್ಟಿಗೆ ಧರ್ಮ ಬಿಡುವ ಜನ ಹುಮನಾಬಾದ್ ಸೀಮೆಯಲ್ಲಿದ್ದಾರೆಂದು ನಂಬಿದ ನೀವು ಅವಮಾನಿಸಿದ್ದು ನಮ್ಮನ್ನೋ, ದೂರು ಕೊಟ್ಟವರನ್ನೋ?

ರೊಟ್ಟಿಯ ಕತೆಯನ್ನು ನೀವು ಕೇಳಲಿಲ್ಲ. ಎರಡು ವರ್ಷದಿಂದ ನಮ್ಮ ಓಣಿ ಬದಲಾಗುತ್ತಿತ್ತು. ಪ್ರಾರ್ಥನೆಗೆ ಸೇರುವ ನಾಲ್ಕು ಮನೆಯ ಹೆಂಗಸರನ್ನು ತೊಗರಿ ಕೊಯ್ಲಿಗೆ ಕರೆಯುವುದು ನಿಂತಿತು. ಹಾಡುವಾಗ ತಗಡಿನ ಮೇಲೆ ಕಲ್ಲು ಬೀಳತೊಡಗಿದವು. ಮುಂದೆ ಇನ್ನೂ ಹೆಚ್ಚು ಬರುತ್ತದೆಂದು ಅವ್ವನಿಗೆ ಗೊತ್ತಿತ್ತು. ಆದರೂ ಅವಳು ಬಾಗಿಲಿಗೆ ಹೊಸ ಚಿಲಕ ಹಾಕಿಸಲಿಲ್ಲ. "ಹೊಡ್ತ ಬಿದ್ದ ಮ್ಯಾಲ ಕ್ಷಮಾ ಮಾಡ್ತೀನಂದ್ರ ಆಗೂದಿಲ್ಲವ್ವಾ, ಆಗ ಸಿಟ್ಟು ಮೊದಲ ಬರ್ತದ. ಈಗಿಂದನ ರೂಢಿ ಮಾಡ್ಕೋಬೇಕು" ಎಂದಳು. ನಾಲ್ಕೂ ಮನೆಯವರು ಶುಕ್ರವಾರ ಉಪವಾಸ ಹಿಡಿದರು. ಪ್ರತಿಯೊಬ್ಬರೂ ತಮ್ಮನ್ನು ನೋಯಿಸಿದ ಒಬ್ಬರ ಹೆಸರು ಹಿಡಿದು ಪ್ರಾರ್ಥಿಸಬೇಕು. ಸಂಜೆ ಮೊದಲ ರೊಟ್ಟಿ ಅವರಿಗೆ ಮುಟ್ಟಿಸಿದ ಮೇಲೆಯೇ ತಾವು ಉಣ್ಣಬೇಕು. ಅವ್ವನ ಪಾಲಿಗೆ ಬಂದವನು ಎದುರುಮನೆಯ ತುಳಜಾರಾಮ, ಕಲ್ಲೆಸೆಯುವವರಿಗೆ ಚಹಾ ಕುಡಿಸುವವನು.

"ನಮ್ಮನಿಗೇನು ಬರ ಬಂದದೇನು?" ಎಂದು ಎರಡನೆಯ ವಾರವೂ ಅವನು ಬೈದ. ಅವನ ಹೆಂಡತಿ ಯಶೋದಾಬಾಯಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಸುಮ್ನ ತಗೊಳ್ರಿ. ನಿನ್ನಕಿಂತ ಮೆತ್ತಗ ರೊಟ್ಟಿ ಬಡೀತಾಳ ಅಂತ ಹೋದ ವಾರ ನೀವೇ ಅಂದೀರಿ" ಎಂದಳು. ಏಳು ಶುಕ್ರವಾರ ತಿಂದ. ಎಂಟನೆಯದಕ್ಕೆ ದೂರು ಹಿಡಿದು ನಿಮ್ಮ ಕಚೇರಿಗೆ ಬಂದ.

ಬಸವಕಲ್ಯಾಣದ ಸಮಾರಂಭದಲ್ಲಿ ನೀವು, ಇದು ಎಲ್ಲರೂ ಕೂಡಿ ಕುಳಿತು ಮಾತಾಡಿದ ನೆಲ ಎಂದಿರಿ. ಅಲ್ಲಿಯೇ ಕನ್ನಡ ಸಾಹಿತ್ಯ ಓದಿ ಪದವಿ ಪಡೆದ ನಾನೂ ಚಪ್ಪಾಳೆ ತಟ್ಟಿದೆ. ನಿಮ್ಮ ಕಚೇರಿಯಲ್ಲಿ ಮಾತ್ರ ಅವ್ವನನ್ನು ಕೂರಿಸುವವರಿರಲಿಲ್ಲ. ನಿಂತೇ ಹೇಳಿದಳು: "ಸಾಹೇಬ್ರ, ನನ್ನ ಮನಸ್ಸಿನ್ಯಾಗ ಹಗೆ ಬೆಳೀಬಾರದಂತ ಒಯ್ತೀನ್ರಿ." ನೀವು ನನ್ನತ್ತ ತಿರುಗಿದಿರಿ. "ನೀ ಓದಿದಾಕಿ ಅಲ್ಲೇನು? ನಾ ಹೇಳ್ತೀನಿ, ಚಂದಾಗಿ ಬರಿ."

ನಾನು ಬರೆದೆ; ಅಕ್ಷರ ಮುತ್ತಿನಂಗ ಅವ ಎಂದು ಮೆಚ್ಚಿದಿರಿ. ನೀವು "ಆಮಿಷ" ಎಂದಾಗ ಪೆನ್ನು ನಿಂತಿತು. ನಾಲ್ಕು ಜನರ ಮುಂದೆ ಬಾಯಿ ತೆರೆಯಲಾಗದವಳು ನಾನು, ಅದನ್ನೂ ಬರೆದೆ. ಹೆಬ್ಬೆಟ್ಟು ಒತ್ತುವ ಮೊದಲು, ಕಚೇರಿಯ ಕನ್ನಡ ತಿಳಿಯದ ಅವ್ವ, "ಖರೇನ ಬರದೀದಿ, ಹೌದಿಲ್ಲವ್ವಾ?" ಎಂದು ಕೇಳಿದಳು. ಹೂಂ ಎಂದೆ. ಮನೆಗೆ ಬಂದು ಅದರಲ್ಲಿದ್ದದ್ದನ್ನು ಬಿಡಿಸಿ ಹೇಳಿದಾಗ ಅವಳು ಬೈಯಲಿಲ್ಲ. ಕಲ್ಲಿಗೆ, ಬೈಗುಳಕ್ಕೆ, ನಿಮಗೆ, ಎಲ್ಲಕ್ಕೂ ತಯಾರಾಗಿದ್ದಳು. ನನಗೆ ತಯಾರಾಗಿರಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮಿಬ್ಬರನ್ನು ಮತ್ತೊಮ್ಮೆ ಕರೆಸಿರಿ, ತುಳಜಾರಾಮನನ್ನೂ ಕರೆಸಿರಿ. ಆ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಸುಳ್ಳಿರುವ ಸಾಲನ್ನು ನನ್ನ ಕೈಯಿಂದಲೇ ಹೊಡೆದುಹಾಕುತ್ತೇನೆ. ತಡಮಾಡಬೇಡಿರಿ. ಕಳೆದ ಶುಕ್ರವಾರ ಸಂಜೆ ಅವ್ವ ಮೊದಲ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, ನಾನು ತಿನ್ನುವವರೆಗೆ ಕಾದು, ಆಮೇಲೆ ತಾನು ಉಂಡಳು.

ಇಂತಿ,
ನೀವು ಮೆಚ್ಚಿದ ಕೈಬರಹದ
ಸುಗಂಧಾ
ಹುಮನಾಬಾದ್ ತಾಲ್ಲೂಕು, ಮಾರ್ಚ್ ೨೦೦೭