ಅನೋರಾ ಅಳಬಾರದು

ಅಕ್ಟೋಬರ್ 12, ಬೆಳಿಗ್ಗೆ

ಇವತ್ತೂ ಅನೋರಾಳನ್ನು ಮಡಿಲಲ್ಲಿ ಮಲಗಿಸುವ ಅಭ್ಯಾಸ. ಇವತ್ತೂ ಸೋತೆ. ತೊಟ್ಟಿಲಿಗೆ ಹಾಕಿ, ಕೈಕಾಲಿಗೆ ಪಟ್ಟಿ ಬಿಗಿದು ಕಟ್ಟಿದರೆ ಮಾತ್ರ ಮಹಾರಾಣಿಗೆ ನಿದ್ದೆ. ಅವಳದೇನು ತಪ್ಪು, ಈ ಕಣಿವೆಯಲ್ಲಿ ಹುಟ್ಟಿದವರೆಲ್ಲ ಹಾಗೇ ಮಲಗಿ ದೊಡ್ಡವರಾದವರು. ನಾನೂ ಸೇರಿ. ಆದರೆ ರಾಜಧಾನಿ ದುಶಾನ್ಬೆಗೆ ಹೋಗುವ ವಿಮಾನದಲ್ಲಿ ತೊಟ್ಟಿಲಿಗೆ ಜಾಗವಿಲ್ಲ. ಇದ್ದರೂ ಡಾಕ್ಟರ್ ಕಟ್ಟುವಂತಿಲ್ಲ ಅಂದಿದ್ದಾರೆ. ಹೃದಯದಲ್ಲಿ ತೂತಿರುವ ಮಗು. ಎದೆಗೆ ಆಡಲು ಜಾಗ ಬೇಕಂತೆ.

ಐದು ತಿಂಗಳ ಮಗುವಿಗೆ ಕಟ್ಟದೆ ಮಲಗುವುದನ್ನು ಕಲಿಸಬೇಕು. ಅಳಿಸದೆ ಕಲಿಸಬೇಕು. ಅತ್ತರೆ ತುಟಿ ನೀಲಿ. ಅತ್ತೆ ಬಾಗಿಲಲ್ಲೇ ನಿಂತು ನೋಡಿದರು.

"ಕೈ ಬಿಟ್ಟು ಮಲಗಿಸಿದ್ರೆ ಬೆಚ್ಚಿ ಬೀಳುತ್ತೆ ಕಣೇ ಸವ್ಸನ್. ಬಿದ್ದ ಹಾಗೆ ಕನಸು ಬೀಳುತ್ತೆ ಅದಕ್ಕೆ."

"ಬೀಳ್ಲಿ ಬಿಡಿ ಅತ್ತೆ, ವಿಮಾನದಲ್ಲಿ ಹೇಗೂ ಅಭ್ಯಾಸ ಬೇಕು."

ಬಾಯಿ ತಪ್ಪಿ ಬಂತು. ಅತ್ತೆ ನೆಲಕ್ಕೆ ಮೂರು ಸಲ ಉಗಿದು ಒಳಗೆ ಹೋದರು.

ಅಕ್ಟೋಬರ್ 13

ಡಾಕ್ಟರ್ ಹತ್ತಿರ ಕೊನೆಯ ಸಲ. ಎಷ್ಟು ಹೇಳಿದರು! ಹೊರಡುವ ಮುಂಚೆ ಹೊಟ್ಟೆ ತುಂಬಾ ಕುಡಿಸಬೇಡ, ಸ್ವಲ್ಪ ಹಸಿವಿರಲಿ. ಏರುವಾಗ, ಇಳಿಯುವಾಗ ಎದೆಗೆ ಹಾಕಿಕೊ, ಚೀಪುತ್ತಿದ್ದರೆ ಕಿವಿ ನೋಯುವುದಿಲ್ಲ. ಆದರೆ ಜಾಸ್ತಿ ಚೀಪಿದರೂ ಸುಸ್ತಾಗುತ್ತದೆ, ಬಿಡಿಸಿ ಬಿಡಿಸಿ ಕೊಡು. ತಲೆ ಎತ್ತರದಲ್ಲಿರಲಿ. ಬಟ್ಟೆ ಒಂದರ ಮೇಲೊಂದು ತೆಳ್ಳಗೆ ಹಾಕು, ಬೆವರಿದರೆ ಒಂದೊಂದೇ ತೆಗಿ. ಅಪ್ಪಿಕೊಂಡೇ ಕೂತುಕೊ, ಬೆಲ್ಟು ನಿನಗೆ ಮಾತ್ರ, ಅವಳನ್ನು ಬೆಲ್ಟಿನೊಳಗೆ ಸೇರಿಸಬೇಡ.

ಆಮೇಲೆ ರಬ್ಬರ್ ದಿಂಬು ಕೊಟ್ಟರು. ಒಳಗೆ ಆಮ್ಲಜನಕ, ಮೂಲೆಯಲ್ಲೊಂದು ಕೊಳವೆ. ಸೋವಿಯತ್ ಕಾಲದ ವಾಸನೆ. ತುಟಿ ಬಣ್ಣ ತಿರುಗಿದರೆ ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ಒತ್ತಬೇಕು. ಒಂದು ಗಂಟೆಯ ವಿಮಾನಕ್ಕೆ ಸಾಕು, ಹದಿನಾರು ಗಂಟೆಯ ರಸ್ತೆಗೆ ಸಾಲದು. ಅದಕ್ಕೇ ರಸ್ತೆ ಬೇಡ ಅಂದರು.

ಹೃದಯದ ಆಪರೇಷನ್ ಮಾಡುವ ಹೊರದೇಶದ ಡಾಕ್ಟರುಗಳು ದುಶಾನ್ಬೆಯ ಮಕ್ಕಳ ಆಸ್ಪತ್ರೆಗೆ ಬಂದಿದ್ದಾರೆ. ಇಪ್ಪತ್ತಾರಕ್ಕೆ ವಾಪಸ್. ಅಷ್ಟರೊಳಗೆ ಅನೋರಾ ಅಲ್ಲಿರಬೇಕು. ಅವರು ಮತ್ತೆ ಯಾವಾಗ ಬರುತ್ತಾರೆ ಅಂತ ಕೇಳಿದೆ. ಡಾಕ್ಟರ್ ಕಿಟಕಿ ಕಡೆ ನೋಡಿದರು. ಗೊತ್ತಾಯಿತು.

ಸಂಜೆ ಅತ್ತೆ ದೃಷ್ಟಿ ತೆಗೆಯಬೇಕೆಂದು ಗಿಡದ ಕಟ್ಟು ಸುಡಲು ಹೊರಟರು. ಹೊಗೆ ಆಗದು ಅಂದೆ. ಗಲಾಟೆ. ಕೊನೆಗೆ ಒಣಗಿದ ಕಟ್ಟನ್ನು ಬೆಂಕಿ ಹಚ್ಚದೆಯೇ ಮಗುವಿನ ಸುತ್ತ ಮೂರು ಸಲ ಆಡಿಸಿದರು. ದೃಷ್ಟಿ ಹೋಯಿತೋ ಇಲ್ಲವೋ, ಅನೋರಾ ಮಾತ್ರ ನಕ್ಕಳು.

ಅಕ್ಟೋಬರ್ 15

ಖೊರೋಗ್ ವಿಮಾನ ನಿಲ್ದಾಣ. ದೊಡ್ಡ ಹೆಸರು — ಒಂದು ಕೋಣೆ, ನಾಲ್ಕು ಬೆಂಚು, ನದಿಯಾಚೆ ಅಫ್ಘಾನಿಸ್ತಾನ. ನನ್ನ ಜೊತೆಗೆ ಮಾವ ಕದಮ್‌ಶೋ. ಗಂಡ ಫರ್ಮೋನ್ ರಷ್ಯಾದಲ್ಲಿ ಗಾರೆ ಕಲಸುತ್ತಿದ್ದಾನೆ, ಗಂಟೆಗೊಮ್ಮೆ ಫೋನು.

ಬೆಳಿಗ್ಗೆಯಿಂದ ಹಾಲು ಕೊಡದೆ ಹಿಡಿದಿಟ್ಟೆ, ಏರುವಾಗ ಚೀಪಲಿ ಅಂತ. ಹತ್ತಾಯಿತು. ಹನ್ನೊಂದಾಯಿತು. ಎಲ್ಲರೂ ಒಂದೇ ಶಿಖರ ನೋಡುತ್ತಾ ನಿಂತರು. ಅದರ ತಲೆ ಕಂಡರೆ ವಿಮಾನ, ಕಾಣದಿದ್ದರೆ ಮನೆ. ಕಾಣಲಿಲ್ಲ. ಮಗು ಹಸಿದು ರಂಪ ಮಾಡುವಷ್ಟರಲ್ಲಿ ಕುಡಿಸಿಬಿಟ್ಟೆ. ತುಟಿ ಆಗಲೇ ಒಂಥರಾ.

ಅಕ್ಟೋಬರ್ 16

ಮೋಡ. ಮತ್ತೆ ಹಸಿವಿನಲ್ಲಿಟ್ಟೆ. ಮತ್ತೆ ಮನೆ. ಬಾರದ ವಿಮಾನಕ್ಕೆ ನನ್ನ ಮಗು ಉಪವಾಸ ಮಾಡುತ್ತಿದೆ.

ಅಕ್ಟೋಬರ್ 17, ಮಧ್ಯಾಹ್ನ

ಪೆನ್ನು ಒತ್ತಿ ಒತ್ತಿ ಹಾಳೆ ಹರಿಯಿತು. ಸಿಟ್ಟಿಗೆ.

ವಿಮಾನ ಬಂತು. ನಿಜವಾಗಿಯೂ ಬಂತು. ನಮ್ಮ ಹೆಸರು ಕರೆದರು. ದಿಂಬು ನೋಡಿ ಕಾವಲಿನವನು ತಡೆದ.

"ಏನಮ್ಮಾ ಇದು?"

"ದಿಂಬು."

"ದಿಂಬಿಗೆ ಕೊಳವೆ ಯಾಕೆ?"

"ನಿನ್ನ ಅಜ್ಜಿ ಹತ್ರ ಕೇಳು, ಅವರ ಕಾಲದ್ದು."

ನಕ್ಕು ಬಿಟ್ಟ. ಅಷ್ಟು ಖುಷಿಯಲ್ಲಿದ್ದೆ ನಾನು! ಆಗ ಇಬ್ಬರು ಅಣ್ಣತಮ್ಮಂದಿರು ಓಡಿಬಂದರು. ದುಶಾನ್ಬೆಯಲ್ಲಿ ಅವರ ಅಪ್ಪ ರಾತ್ರಿ ತೀರಿಕೊಂಡಿದ್ದಾರೆ. ಇವತ್ತೇ ಮಣ್ಣು. ನಮ್ಮಲ್ಲಿ ಮಣ್ಣಿಗೆ ಹೋಗುವವರಿಗೆ ಎಲ್ಲ ಕಡೆ ದಾರಿ. ವ್ಯಾನಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ರೊಟ್ಟಿಯ ಸಾಲಿನಲ್ಲಿ. ಯಾರೂ ಕೇಳಬೇಕಾಗಿಲ್ಲ, ಯಾರೂ ಹೇಳಬೇಕಾಗಿಲ್ಲ, ಎದ್ದು ಕೊಡುವುದು. ಆದರೂ ಇವತ್ತು ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡು ನಿಂತರು. ಎದ್ದವರು ನನ್ನ ಮಾವ.

"ನಮ್ಮ ಎರಡು ಸೀಟು ಇವರಿಗೆ ಕೊಡಿ."

"ಮಾವ!"

"ಬಿಸಿಲಿದೆ ಮಗಳೇ. ಮಧ್ಯಾಹ್ನ ಇನ್ನೊಂದು ಟ್ರಿಪ್ ಬರುತ್ತೆ ಅಂದಿದಾರೆ. ಅದರಲ್ಲಿ ಹೋಗೋಣ. ಅಪ್ಪನ ಮುಖ ನೋಡದೆ ಮಣ್ಣು ಮಾಡಿಸ್ಬೇಕಾ ಅವರು?"

ಇಬ್ಬರೂ ಮಾವನ ಕೈ ತೆಗೆದು ಕಣ್ಣಿಗೊತ್ತಿಕೊಂಡರು. ಚಿಕ್ಕವನು ಅನೋರಾಳ ಕಾಲಿಗೂ ಮುತ್ತಿಟ್ಟ. ಅವಳ ಕಾಲನ್ನು ಅವನಿಂದ ಎಳೆದುಕೊಳ್ಳಬೇಕು ಅನ್ನಿಸಿತು.

ಅಕ್ಟೋಬರ್ 17, ಸಂಜೆ

ಬರಲಿಲ್ಲ. ಎರಡು ಗಂಟೆಗೆ ಗಾಳಿ ಎದ್ದಿತು. ಶಿಖರ ಮುಚ್ಚಿತು.

ಮಾವ ರೊಟ್ಟಿ ಮುಟ್ಟಲಿಲ್ಲ. ನಾನು ಬಡಿಸಲೂ ಇಲ್ಲ.

ಅಕ್ಟೋಬರ್ 21

ನಾಲ್ಕು ದಿನ ಮೋಡ. ಬರೆಯಲು ಏನಿದೆ.

ಮಾವನ ಜೊತೆ ಮಾತು ಬಿಟ್ಟಿದ್ದೇನೆ. ಬೆಳಿಗ್ಗೆ ವ್ಯಾನಿನಲ್ಲಿ ಅಕ್ಕಪಕ್ಕ ಕೂತು ಹೋಗುತ್ತೇವೆ, ಮಧ್ಯಾಹ್ನ ಅಕ್ಕಪಕ್ಕ ಕೂತು ಬರುತ್ತೇವೆ. ಊರವರು ಅವರನ್ನು ಹೊಗಳುತ್ತಾರೆ. ಕದಮ್‌ಶೋ ಅಂದರೆ ಹಳೇ ಕಾಲದ ಮನುಷ್ಯ, ಅಂಥವರು ಈಗೆಲ್ಲಿ, ಹಾಗೆ ಹೀಗೆ. ಹೊಗಳಲಿ. ಮಗು ನಿಮ್ಮದಲ್ಲವಲ್ಲ.

ಅನೋರಾ ಇಳಿದುಹೋಗಿದ್ದಾಳೆ. ನಾಲ್ಕು ಗುಟುಕು ಕುಡಿದರೆ ಹಣೆಯೆಲ್ಲ ಬೆವರು. ಒಂದೇ ಸಮಾಧಾನ — ಮಡಿಲಲ್ಲಿ ಮಲಗಲು ಕಲಿತಳು. ಅಥವಾ ಅಳಲು ಶಕ್ತಿ ಇಲ್ಲವೋ. ಯಾವುದು ಅಂತ ಯೋಚಿಸಲು ಭಯ.

ಫರ್ಮೋನ್ ರಸ್ತೆಯಲ್ಲೇ ಹೋಗಿ ಅಂದ. ಡ್ರೈವರನ್ನು ಕೇಳಿದೆ. ಮೇಲೆ ಹಿಮ ಬಿದ್ದಿದೆ, ಮಧ್ಯದಲ್ಲಿ ನಿಂತರೆ ನಿಂತಲ್ಲೇ ರಾತ್ರಿ, ಈ ಮಗುವನ್ನು ನಾನು ಹತ್ತಿಸಲ್ಲ ತಾಯೀ ಅಂದ. ಒಳ್ಳೆಯವನು. ಬೈದು ಬಂದೆ.

ಅಕ್ಟೋಬರ್ 24, ಬೆಳಿಗ್ಗೆ, ನಿಲ್ದಾಣದಲ್ಲಿ

ಶಿಖರ ಕಾಣುತ್ತಿದೆ! ವಿಮಾನ ದುಶಾನ್ಬೆ ಬಿಟ್ಟಿದೆಯಂತೆ. ಹಾಲು ಹಿಡಿದಿಟ್ಟಿದ್ದೇನೆ. ಟೋಪಿ, ಎರಡು ತೆಳು ಅಂಗಿ, ಉಣ್ಣೆ ಶಾಲು, ದಿಂಬು. ಆಸ್ಪತ್ರೆಗೆ ಫೋನ್ ಮಾಡಿದೆ. ಇವತ್ತು ಬಂದರೆ ನಾಳೆ ಮೊದಲ ಆಪರೇಷನ್ ಇವಳದೇ ಮಾಡುತ್ತಾರಂತೆ.

ಸ್ವಲ್ಪ ಹೊತ್ತಿನ ಮೇಲೆ —

ಮತ್ತೆ ಅದೇ. ಕಪ್ಪು ಕೋಟಿನ ಒಬ್ಬಾಕೆ, ಅರವತ್ತರ ಮೇಲಿರಬೇಕು, ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು, "ದುಶಾನ್ಬೆಯಲ್ಲಿ ನಮ್ಮವರೊಬ್ಬರು ಹೋಗ್ಬಿಟ್ರು." ಅಷ್ಟೇ. ಅಳಲಿಲ್ಲ. ನಾನು ಅನೋರಾಳನ್ನು ಎದೆಗೆ ಅವುಚಿಕೊಂಡು ಗೋಡೆಗೆ ಆತು ನಿಂತೆ. ಈ ಸಲ ಎಳೆದರೂ ಬಿಡುವುದಿಲ್ಲ. ಸೀಟನ್ನು ಹಲ್ಲಲ್ಲಿ ಕಚ್ಚಿಕೊಂಡಾದರೂ ಕೂರುತ್ತೇನೆ.

ಮಾವ ಎದ್ದರು. ಗೊತ್ತಿತ್ತು!

"ನನ್ನದು ಕೊಡ್ತೀನಿ. ನಿನ್ನದಲ್ಲ ಮಗಳೇ," ಅಂದರು. ಏಳು ದಿನದ ಮೇಲೆ ನಮ್ಮಿಬ್ಬರ ಮಧ್ಯೆ ಮೊದಲ ಮಾತು. "ನೀನೇ ಕರ್ಕೊಂಡು ಹೋಗು. ನಾನು ರಸ್ತೆ ಮೇಲೆ ಬರ್ತೀನಿ, ನಡ್ಕೊಂಡಾದ್ರೂ ಬರ್ತೀನಿ."

ನಾನು ಶಾಲು ಬಿಗಿದುಕೊಂಡು ಬಾಗಿಲ ಕಡೆ ನಡೆದೆ. ಒಂದು ಮಾತು ಆಡಬಹುದಿತ್ತು. ದಿಂಬನ್ನು ವಿಮಾನದ ಮೆಟ್ಟಿಲವರೆಗೂ ಅವರೇ ಹೊತ್ತು ತಂದರು.

ಅಕ್ಟೋಬರ್ 24, ವಿಮಾನದಲ್ಲಿ

ಅನೋರಾ ಮಲಗಿದ್ದಾಳೆ. ಉಸಿರಿದೆ, ನೋಡಿದೆ. ಅಕ್ಷರ ಕುಣಿಯುತ್ತಿವೆ, ವಿಮಾನವೇ ಕುಣಿಯುತ್ತಿದೆ.

ಏರುವಾಗ ನನಗೇ ದಿಕ್ಕು ತಪ್ಪಿತು. ನಾನೂ ಹತ್ತಿದ್ದು ಇದೇ ಮೊದಲು. ಮಗುವಿನ ಬಾಯಿ ಎಲ್ಲಿ, ನನ್ನ ಎದೆ ಎಲ್ಲಿ, ಗುಂಡಿ ಬಿಚ್ಚಲು ಬೆರಳು ಬರುತ್ತಿಲ್ಲ. ಪಕ್ಕದ ಆ ಕಪ್ಪು ಕೋಟಿನಾಕೆಯೇ ಬಿಚ್ಚಿದರು. ಹೆಸರು ನೆಕ್‌ಬಖ್ತ್. ಮಗುವಿನ ತಲೆಯನ್ನು ಎತ್ತರಿಸಿ ನನ್ನ ಮೊಣಕೈ ಕೆಳಗೆ ತಮ್ಮ ಚೀಲ ಇಟ್ಟರು.

"ಈಗ ಕೊಡು. ಎಣಿಸ್ಕೊಂಡು ಕೊಡು. ಹತ್ತು ಗುಟುಕು, ಬಿಡಿಸು. ಉಸಿರು ತಗೊಳ್ಲಿ."

ಚೀಪಿದಳು. ಕಿವಿಗೆ ಏನೂ ಆಗಲಿಲ್ಲ ಅನಿಸುತ್ತೆ. ಆಮೇಲೆ ಹಿಮದ ಬೆಟ್ಟಗಳ ಮೇಲೆ ಬಂದಾಗ ತುಟಿ ಬಣ್ಣ ತಿರುಗಿತು. ದಿಂಬಿಗೆ ತಡಕಾಡಿದೆ. ನಾನು ಹೇಳುವ ಮೊದಲೇ ಅವರು ಕೊಳವೆ ಹಿಡಿದಿದ್ದರು. ಮುಖಕ್ಕೆ ಅಮುಕದೆ, ಮೂಗಿನಿಂದ ಒಂದು ಬೆರಳು ದೂರ. ಮೆಲ್ಲಗೆ ಒತ್ತಿದರು. ಬಣ್ಣ ಬಂತು. ನಾನು ಅಳುತ್ತಿದ್ದೆ, ಅವರು ನನ್ನ ಕಡೆ ನೋಡದೆ ಮಗುವಿಗೆ ಏನೋ ಗುನುಗುತ್ತಿದ್ದರು.

"ಹೇಗೆ ಗೊತ್ತು ಅಮ್ಮಾ ನಿಮಗೆ ಇದೆಲ್ಲ?"

"ಮಕ್ಕಳನ್ನ ಸಾಕಿದೀನಿ."

"ತೀರಿಕೊಂಡವರು ಯಾರು?"

"ಅಣ್ಣ," ಅಂದರು. ಅನೋರಾಳ ಟೋಪಿ ಸರಿಮಾಡುತ್ತಾ, "ವಯಸ್ಸಾಗಿತ್ತು. ತುಂಬಾ ವಯಸ್ಸಾಗಿತ್ತು."

ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀನಿ, ನಾಳೆ ಏನು ಮಾಡುತ್ತಾರೆ, ಎಲ್ಲ ಹೇಳಿದೆ. ಬಾಯಿ ನಿಲ್ಲಲಿಲ್ಲ ನನಗೆ. ಸುಮ್ಮನೆ ಕೇಳಿದರು. ಒಂದು ಸಲ ಅನೋರಾಳ ಪಾದವನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡರು, ಬಿಡಲೇ ಇಲ್ಲ. ಕಾಲು ತಣ್ಣಗಿದೆ ಅಂದರು. ತಣ್ಣಗಿರಲಿಲ್ಲ.

ಇವರಿಗೆ ಸೀಟು ಕೊಟ್ಟಿದ್ದಕ್ಕೆ ಮಾವನ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ. ನಾನೊಬ್ಬಳೇ ಇದ್ದಿದ್ದರೆ, ಮಾವನೇ ಪಕ್ಕದಲ್ಲಿದ್ದಿದ್ದರೆ, ಏನಾಗುತ್ತಿತ್ತೋ. ಇಳಿದ ಕೂಡಲೇ ಅವರಿಗೆ ಫೋನ್ ಮಾಡಬೇಕು.

ಇಳಿಯುತ್ತಿದೆ. ಎಬ್ಬಿಸಿ ಕುಡಿಸಬೇಕು.

ಅಕ್ಟೋಬರ್ 24, ಆಸ್ಪತ್ರೆ

ಮಾವನಿಗೆ ಫೋನ್ ಮಾಡಿಲ್ಲ. ಏನು ಹೇಳಲಿ. ಬೆಂಚಿನ ಮೇಲೆ ಕೂತಿದ್ದೇನೆ. ಸುಮ್ಮನೆ ಕೂತರೆ ಕಿರುಚಿಬಿಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಇಳಿದ ಮೇಲೆ ನೆಕ್‌ಬಖ್ತ್ ಅಮ್ಮ ಒಂದೇ ಟ್ಯಾಕ್ಸಿಯಲ್ಲಿ ಹೋಗೋಣ ಅಂದರು. ನಾನು ಡ್ರೈವರಿಗೆ ದಾರಿ ಹೇಳಲು ಹೊರಟರೆ ಅವರೇ ಹೇಳಿದರು. ಗೇಟು ಅವರಿಗೆ ಗೊತ್ತು. ಲಿಫ್ಟು ಕೆಟ್ಟಿದೆ ಅನ್ನುವುದು ಗೊತ್ತು. ಎರಡನೇ ಮಹಡಿ, ಎಡಕ್ಕೆ, ಹಸಿರು ಬಾಗಿಲು. ನಾನು ಪೆದ್ದಿ. ಎಷ್ಟು ಒಳ್ಳೆಯವರು, ನನ್ನನ್ನು ಬಿಡಲು ಇಲ್ಲಿಯವರೆಗೂ ಬಂದರಲ್ಲ ಅಂದುಕೊಂಡು ಹಿಂದೆ ಹಿಂದೆ ನಡೆದೆ.

ನರ್ಸು ಅವರನ್ನು ನೋಡಿ ಎದ್ದು ನಿಂತಳು. "ಬಂದ್ರಾ ಅಜ್ಜೀ. ನಿಮ್ಮ ಮಗಳು ಒಳಗಿದಾರೆ, ನಿಮಗೇ ಕಾಯ್ತಾ ಇದಾರೆ. ಯಾರಿಗೂ ಕೊಡ್ತಾ ಇಲ್ಲ ಮಗೂನ. ನೀವಾದ್ರೂ ಹೇಳಿ, ತೊಳೀಬೇಕು..."

ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಅಣ್ಣ ಅಂದ್ರಿ," ಅಂದೆ.

ಅವರು ಗೋಡೆ ಹಿಡಿದುಕೊಂಡರು. "ಮೊಮ್ಮಗ. ಏಳು ತಿಂಗಳು. ಇಲ್ಲಿ ಸೇರಿಸಿ ನಾನು ಊರಿಗೆ ಹೋಗಿದ್ದೆ. ಮೊನ್ನೆ ಆಪರೇಷನ್ ಆಯ್ತು, ನಿನ್ನೆ ಕಣ್ಣು ಬಿಟ್ಟಿದ್ದ. ಅಲ್ಲಿ ಮೇಲೆ ವಿಮಾನದಲ್ಲಿ ಹೇಳಿದ್ರೆ ನಿನ್ನ ಹಾಲು ನಿಂತುಹೋಗ್ತಿತ್ತು ಮಗಳೇ. ನಿನ್ನ ಮಗು ಅತ್ತುಬಿಡ್ತಿತ್ತು."

"ಇದೇ ಡಾಕ್ಟರಾ?"

"ಇದೇ ಡಾಕ್ಟರು. ಒಳ್ಳೆಯವರು. ಅವರೂ ಅತ್ತರಂತೆ."

ಎತ್ತಿಕೊಂಡು ಓಡಲೇ? ಎಲ್ಲಿಗೆ? ಮತ್ತೆ ಆ ಶಿಖರದ ಹಿಂದಕ್ಕೆ, ನಾಲ್ಕು ಗುಟುಕಿಗೆ ಬೆವರುವ ಮಗುವನ್ನು ಎತ್ತಿಕೊಂಡು? ಇಲ್ಲೇ ಇದ್ದರೂ — ನೆಕ್‌ಬಖ್ತ್ ಅಮ್ಮ ಆಪರೇಷನ್ನಿಗೆ ಕೊಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಒಂದು ಮಾತು ಹೇಳಬಾರದೇ ಅಂತ. ಅನೋರಾಳ ಹಣೆ ಮುಟ್ಟಿ, ಕೋಟಿನ ಗುಂಡಿ ಸರಿಮಾಡಿಕೊಂಡು ತಮ್ಮ ಮಗಳ ಹತ್ತಿರ ಹೋದರು. ಬಾಗಿಲು ಮುಚ್ಚಿತು. ಒಳಗಿನಿಂದ ಒಂದು ಕೂಗು.

ಅನೋರಾ ಬೆಚ್ಚಿದಳು. ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಾಳೆ.

ನಮ್ಮ ಹೆಸರು ಕರೆದರು. ನರ್ಸು ಎದುರಿಗೆ ಬಂದು ಕೈ ಚಾಚಿದ್ದಾಳೆ. ತಪಾಸಣೆಗೆ ಅಷ್ಟೇ ಅಮ್ಮಾ, ಕೊಡಿ ಅನ್ನುತ್ತಿದ್ದಾಳೆ. ಒಂದು ನಿಮಿಷ ಅಂದೆ. ಈ ಸಾಲು ಮುಗಿಸಿ ಕೊಡುತ್ತೇನೆ ಅಂದೆ, ಈ ಸಾಲು